ಪಕ್ಕದ ಸೀಟಿನ ಪಾಠ

ಕಾರು ಓಡಿಸುವುದನ್ನು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. “ಫರೀದಾ ಆಂಟಿ, ಒಂದೆರಡು ಟಿಪ್ಸ್ ಕೊಡಿ” ಅನ್ನುತ್ತಾರೆ. ಟಿಪ್ಸ್ ಅಂತೆ! ಬಿರಿಯಾನಿಗೆ ಎಷ್ಟು ಉಪ್ಪು ಅಂತ ಕೇಳಿದರೆ ಫೋನಿನಲ್ಲಿ ಹೇಳಬಹುದು. ಎಪ್ಪತ್ತು ಮೈಲಿ ವೇಗದ ಫ್ರೀವೇಯಲ್ಲಿ ಕಲಿಯುವವಳು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ಫೋನಿನಲ್ಲಿ ಹೇಳಲಾಗುತ್ತದೆಯೇ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇಕಾದ್ದು ಇಟ್ಟುಕೊಳ್ಳಿ, ಬೇಡದ್ದು ಬಿಡಿ.

ಮೊದಲು ಶಿಕಾಗೋದಲ್ಲಿ, ಆಮೇಲೆ ಡೆಟ್ರಾಯಿಟ್ ಕಡೆ, ಒಟ್ಟು ಅರ್ಧ ಆಯುಷ್ಯವನ್ನು ನಾನು ಬೇರೆಯವರ ಪಕ್ಕದ ಸೀಟಿನಲ್ಲಿ ಕೂತು ಕಳೆದವಳು. ಕಲಿಸುವ ಕಾರಿನಲ್ಲಿ ಆ ಸೀಟಿನವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿ ಒತ್ತಿಯೇ ನನ್ನ ಬಲ ಮೊಣಕಾಲು ಹೋಗಿದ್ದು, ಕೆಲಸ ಬಿಟ್ಟಿದ್ದೂ ಅದರಿಂದಲೇ. ಡಾಕ್ಟರು ಅದನ್ನು ಸಂಧಿವಾತ ಅನ್ನುತ್ತಾರೆ. ನಾನು ಬೇಕಾದರೆ ಒಬ್ಬೊಬ್ಬ ಶಿಷ್ಯರ ಹೆಸರು ಹಿಡಿದು ಹೇಳಬಲ್ಲೆ.

ನನ್ನ ಪಾಠಗಳಲ್ಲಿ ಕಡೆಯದು ಓಡಿಸುವವರಿಗಲ್ಲ, ಅವರ ಪಕ್ಕದಲ್ಲಿ ಕೂರುವವರಿಗೆ. ಲೈಸೆನ್ಸ್ ಬಂದ ಮೇಲೆ ಗಂಡನನ್ನೋ ಅಪ್ಪನನ್ನೋ ಕರೆಸಿ, ಸುಮ್ಮನೆ ಕೂರುವುದು ಹೇಗೆಂದು ಕಲಿಸುತ್ತಿದ್ದೆ. ಅದಕ್ಕೆ ನನ್ನ ಬೆನ್ನ ಹಿಂದೆ ನಕ್ಕವರಿದ್ದಾರೆ. ಈ ಪಾಠ ಎಲ್ಲಿಂದ ಬಂತೆಂದು ತಿಳಿದ ಮೇಲೂ ನಗು ಬಂದರೆ ಆಗ ಮಾತಾಡೋಣ.

ಮದುವೆಯಾಗಿ ಚನ್ನಪಟ್ಟಣದಿಂದ ಶಿಕಾಗೋಗೆ ಬಂದಾಗ ಅಮೆರಿಕದ ಬಗ್ಗೆ ನನಗಿದ್ದ ಕಲ್ಪನೆ ಒಂದೇ: ಉದ್ದನೆಯ ರಸ್ತೆ, ಕೆಂಪು ಕಾರು, ಗಾಳಿಗೆ ಹಾರುವ ನನ್ನ ದುಪಟ್ಟಾ. ಬಂದು ನೋಡಿದರೆ ರಸ್ತೆ ಹಿಮದ ಕೆಳಗಿತ್ತು. ಕಾರು ಅಂದರೆ ನನ್ನ ಯಜಮಾನರ ಬಟ್ಟೆ ಅಂಗಡಿಯ ಹಳೆಯ ವ್ಯಾನು. ದುಪಟ್ಟಾ ಎರಡು ಸ್ವೆಟರು, ಒಂದು ಕೋಟಿನ ಒಳಗೆ ಎಲ್ಲೋ ಕಳೆದುಹೋಗಿತ್ತು. ಆ ವ್ಯಾನನ್ನು ಓಡಿಸಲು ನನಗೆ ಕಲಿಸಿದವಳು ಮಿಸೆಸ್ ನೊವಾಕ್ ಎಂಬ ಪೋಲಿಷ್ ವಿಧವೆ. ಚಿಕ್ಕ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ನಮ್ಮ ಹೆಂಗಸರು ಪರಗಂಡಸಿನ ಪಕ್ಕ ಕೂತು ಕಲಿಯಲು ಹಿಂಜರಿಯುತ್ತಾರೆ ಎಂಬುದು ನನಗಿಂತ ಮೊದಲು ಆಕೆಗೆ ಹೊಳೆದಿತ್ತು. ನನಗೆ ಲೈಸೆನ್ಸ್ ಬಂದು ಒಂದಿಷ್ಟು ವರ್ಷ ರಸ್ತೆಯ ರೂಢಿಯಾದ ಮೇಲೆ ಕರೆದು ಕೆಲಸ ಕೊಟ್ಟಳು.

ಪುದೀನಾ ಪೆಪ್ಪರ್‌ಮಿಂಟ್ ಕಡಿಯುತ್ತಾ, ಹುಬ್ಬು ಗಂಟಿಕ್ಕಿಕೊಂಡು ಆಕೆ ಹೇಳಿಕೊಟ್ಟ ಸೂತ್ರ ಇಷ್ಟೇ: ಮೊದಲು ಬಾಯಿ, ಆಮೇಲೆ ಬ್ರೇಕ್, ಕೈ ಮಾತ್ರ ಯಾವತ್ತೂ ಇಲ್ಲ. ಅಂದರೆ ಅಪಾಯ ಬಂದಾಗ ಮೊದಲು ಮಾತಿನಲ್ಲಿ ತಡೆ. ಆಗದಿದ್ದರೆ ಬ್ರೇಕ್ ಒತ್ತು. ಕಲಿಯುವವರ ಸ್ಟೀರಿಂಗಿಗೆ ಕೈ ಹಾಕಬೇಡ. ಒಂದು ಸ್ಟೀರಿಂಗಿಗೆ ನಾಲ್ಕು ಕೈ ಬಿದ್ದರೆ ಕಾರು ಐದನೆಯ ದಾರಿ ಹಿಡಿಯುತ್ತದೆ ಎಂಬುದು ಆಕೆಯ ಮಾತು. ಆಕೆ ಒಂದು ದಿನವೂ ನನ್ನನ್ನು ಹೊಗಳಿದ್ದಿಲ್ಲ. ಆದರೆ ಪಾಠ ಮುಗಿಸಿ ಬಂದಾಗ ನನ್ನ ಕೈಗೆ ಒಂದು ಪೆಪ್ಪರ್‌ಮಿಂಟ್ ಬಿದ್ದರೆ ಆ ದಿನ ಒಳ್ಳೆಯದು ಎಂದರ್ಥ.

ನನಗೆ ಮೊದಲ ಪೆಪ್ಪರ್‌ಮಿಂಟ್ ಕೊಡಿಸಿದವರು ಮೈಸೂರಿನ ಒಬ್ಬ ಮಕ್ಕಳ ಡಾಕ್ಟರು. ಅವರನ್ನು ಶ್ರೀಧರ ಎನ್ನೋಣ. ಮೈಸೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು. “ಮೇಡಂ, ನಂಗೆ ಡ್ರೈವಿಂಗ್ ಬರುತ್ತೆ. ಇಲ್ಲಿನ ರೂಲ್ಸ್ ಒಂದ್ಸಲ ಹೇಳ್ಬಿಡಿ ಸಾಕು” ಎಂದೇ ಕಾರು ಹತ್ತಿದರು. ನಿಜಕ್ಕೂ ಚೆನ್ನಾಗಿಯೇ ಓಡಿಸುತ್ತಿದ್ದರು. ಸಂಜೆಯ ಮಬ್ಬು. ಒಂದು ದೊಡ್ಡ ಕೂಡುರಸ್ತೆಯಲ್ಲಿ ನಮಗೆ ಹಸಿರು ದೀಪವಿತ್ತು. ಎದುರಿನಿಂದ ಬಂದ ಒಂದು ಮಿನಿವ್ಯಾನ್ ಎಡಕ್ಕೆ ತಿರುಗಲು ಕಾಯುತ್ತಾ ನಿಂತಿತ್ತು. ಡಾಕ್ಟರು ವೇಗ ಇಳಿಸದೆ, ಹೆಡ್‌ಲೈಟನ್ನು ಎರಡು ಸಲ ಮಿಣುಕಿಸಿದರು.

ನಮ್ಮೂರಿನಲ್ಲಿ ಅದಕ್ಕೆ ಅರ್ಥ, ‘ನಾನು ಬರ್ತಿದೀನಿ, ಅಲ್ಲೇ ಇರು.’ ಇಲ್ಲಿ ಅದರ ಅರ್ಥ, ‘ನೀನು ಹೋಗು, ನಾನು ಕಾಯ್ತೀನಿ.’

ವ್ಯಾನು ಹೊರಟಿತು. ನೇರ ನಮ್ಮ ಮೂತಿಯ ಮುಂದೆ ಅಡ್ಡಬಂತು. “ನಿಲ್ಲಿಸಿ!” ಎಂದು ನಾನು ಕಿರುಚಿದ್ದೂ, ಬ್ರೇಕಿನ ಮೇಲೆ ನನ್ನ ಇಡೀ ಮೈಭಾರ ಬಿದ್ದದ್ದೂ ಒಟ್ಟಿಗೇ ಆಯಿತು. ಕಾರು ಕಿರ್ರನೆ ಜಾರಿ ನಿಂತಾಗ ವ್ಯಾನಿನ ಹಿಂದಿನ ಕಿಟಕಿಯಲ್ಲಿ ಕೂತಿದ್ದ ಮಗುವಿನ ಕೈಯಲ್ಲಿದ್ದ ಬಿಸ್ಕತ್ತು ಕೂಡ ನನಗೆ ಕಾಣುತ್ತಿತ್ತು. ಆ ತಾಯಿ ‘ಥ್ಯಾಂಕ್ಸ್’ ಎಂಬಂತೆ ಕೈಯಾಡಿಸಿ ಹೋದಳು. ಪಾಪ, ತಾನು ಎಲ್ಲಿಂದ ಪಾರಾದೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

“ಲೈಟ್ ಹೊಡೆದ್ನಲ್ಲ ಮೇಡಂ! ಆದ್ರೂ ನುಗ್ಗಿಬಿಟ್ಳಲ್ಲ!” ಡಾಕ್ಟರು ನನ್ನ ಕಡೆ ತಿರುಗಿದರು.

“ಅವಳು ನುಗ್ಗಲಿಲ್ಲ ಡಾಕ್ಟ್ರೇ. ನೀವೇ ಕರೆದ್ರಿ” ಎಂದೆ.

ಹೊಸ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. ಏನೂ ಗೊತ್ತಿಲ್ಲದವರಿಗೆ ಕಲಿಸುವುದು ಸುಲಭ. ಊರಿನಿಂದ ಬರುವಾಗ ಜನ ಸೂಟ್‌ಕೇಸಿನಲ್ಲಿ ಹಪ್ಪಳ, ಚಟ್ನಿಪುಡಿ ಮಾತ್ರ ತರುವುದಿಲ್ಲ, ರಸ್ತೆಯ ನಯವಿನಯವನ್ನೂ ತರುತ್ತಾರೆ. ಅಲ್ಲಿ ಮರ್ಯಾದೆಯಾಗಿದ್ದದ್ದು ಇಲ್ಲಿ ಜೀವಕ್ಕೆ ಎರವಾಗಬಹುದು. ಕಲಿಯುವವರ ತಪ್ಪು ಹುಡುಕುವ ಮೊದಲು ಅವರ ಮರ್ಯಾದೆ ಯಾವುದು ಎಂದು ಹುಡುಕಿ.

ಆಮೇಲೆ ನಾವು ಮಿಷಿಗನ್ನಿಗೆ ಬಂದೆವು. ಯಜಮಾನರ ತಮ್ಮ ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ದಿನಸಿ ಅಂಗಡಿ ಹಾಕಿದ್ದ, ಜೊತೆಗೆ ಬನ್ನಿ ಎಂದ. ನಾನು ಸ್ವಂತಕ್ಕೆ ಒಂದು ಕಾರು ಕೊಂಡು, ಪಕ್ಕಕ್ಕೊಂದು ಬ್ರೇಕ್ ಹಾಕಿಸಿ, ಪರವಾನಗಿ ಪಡೆದು ಕಲಿಸತೊಡಗಿದೆ. ಶಿಕಾಗೋದಲ್ಲಾದರೆ ಕಾರು ಬಾರದಿದ್ದರೂ ರೈಲು ಇತ್ತು, ಬಸ್ಸು ಇತ್ತು. ಹೆಂಗಸರು ಹೇಗೋ ತಿರುಗಾಡಿಕೊಂಡಿದ್ದರು. ಇಲ್ಲಿ ಸಬ್‌ಡಿವಿಷನ್ ಎಂಬ ಬಡಾವಣೆಯ ಚೆಂದದ ಮನೆಯ ಕಿಟಕಿಯಲ್ಲಿ ಕೂತವರು, ಗಂಡ ಕೆಲಸದಿಂದ ಬರುವವರೆಗೂ ಕೂತೇ ಇರಬೇಕು. ಊರಿಗೆ ವಿಡಿಯೋ ಮಾಡಿ ಅಡುಗೆಮನೆ ತೋರಿಸುತ್ತಾರೆ, ಹಿತ್ತಲಿಗೆ ಬಂದ ಜಿಂಕೆ ತೋರಿಸುತ್ತಾರೆ. ಒಂದು ಕಟ್ಟು ಕೊತ್ತಂಬರಿಗೂ ಶನಿವಾರದವರೆಗೆ ಕಾಯಬೇಕೆಂದು ಮಾತ್ರ ಹೇಳುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅನ್ನುವಂತೆ, ಒಂದಲ್ಲ ಒಂದು ದಿನ ಎಲ್ಲರೂ ನನ್ನ ಕಾರಿಗೆ ಬರುತ್ತಿದ್ದರು.

ಇಲ್ಲೇ ಹುಟ್ಟಿದ ಮಕ್ಕಳು ಬಂದರೆ ಕಲಿಸುವುದು ಸಲೀಸು. ಅವರಿಗಿಂತ ಹಿಂದೆ ಕೂತ ತಾಯಂದಿರದೇ ಕಾಟ. ಒಬ್ಬಾಕೆ ಪ್ರತಿ ತಿರುವಿನಲ್ಲೂ ಉಸಿರು ಎಳೆದುಕೊಳ್ಳುತ್ತಿದ್ದರು. ಮಗಳು ಕನ್ನಡಿಯಲ್ಲಿ ನೋಡಿ, “ಅಮ್ಮಾ, ಪ್ಲೀಸ್, ಕುಡ್ ಯೂ ಬ್ರೀದ್ ಅಟ್ ಹೋಮ್?” ಎಂದಳು. ಈಗೀಗ ಕಾರಿನ ಹಿಂದೆ ಕ್ಯಾಮೆರಾ ಬಂದಿದೆ. ಕಾರನ್ನು ಹಿಂದಕ್ಕೆ ತೆಗೆಯುವಾಗ ಕತ್ತು ತಿರುಗಿಸಿ ನೋಡು ಎಂದರೆ ಹುಡುಗರು ಪರದೆ ತೋರಿಸುತ್ತಾರೆ. ಆ ಪರದೆಗೆ ಒಂದು ಚೂರು ಕಾಗದ ಅಂಟಿಸಿ ಕಲಿಸುತ್ತಿದ್ದೆ. ನೀವೂ ಹಾಗೇ ಮಾಡಿ.

ಇನ್ನು ಶಶಿಕಲಾಳ ವಿಷಯ. ಗದಗದವಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಸ್ಕೂಟಿಯ ಮೇಲೆ ಊರೆಲ್ಲ ತಿರುಗುತ್ತಿದ್ದವಳು. ಅಮೆರಿಕಕ್ಕೆ ಹೋದರೆ ಇನ್ನೂ ಸ್ವತಂತ್ರವಾಗಿರುತ್ತೇನೆ ಎಂದುಕೊಂಡು ಬಂದು, ಸೌತ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಕಾಲು ಕಟ್ಟಿಹಾಕಿದಂತೆ ಕೂತಿದ್ದಳು. ಗಂಡ ಬಸವರಾಜ, ನೋವೈ ದಾಟಿ ಸಿಗುವ ವಿಕ್ಸಮ್‌ನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್.

ಒಂದು ಭಾನುವಾರ ಅಡುಗೆಮನೆಯಲ್ಲಿ ನಿಂತಿದ್ದ ಹಾಗೆಯೇ ಬಸವರಾಜ ಬಿದ್ದ. ಕೈಕಾಲು ಸೆಟೆದುಕೊಂಡವು. ಮೂರ್ಛೆರೋಗದ ತರಹದ್ದು ಎಂದು ಡಾಕ್ಟರು ಔಷಧಿ ಕೊಟ್ಟು, ಆರು ತಿಂಗಳು ಸ್ಟೀರಿಂಗ್ ಮುಟ್ಟಕೂಡದು ಎಂದರು. ಮನೆಯಲ್ಲಿ ಕೂತು ಮಾಡುವ ಕೆಲಸ ಅವನದಲ್ಲ. ವಿಕ್ಸಮ್‌ನ ಆ ಕಾರ್ಖಾನೆಗಳ ಸಾಲಿಗೆ ಬೆಳಗಿನ ಶಿಫ್ಟಿನ ಹೊತ್ತಿಗೆ ತಲುಪಿಸುವ ಬಸ್ಸಿರಲಿಲ್ಲ. ಮೇಲಧಿಕಾರಿ, ‘ನೀನು ಹೇಗೆ ಬರುತ್ತೀಯ ಅನ್ನುವುದು ನಿನ್ನ ಪಾಡು, ಹೊತ್ತಿಗೆ ಸರಿಯಾಗಿ ಬರಬೇಕು’ ಎಂದನಂತೆ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ತನ್ನ ಕಾರಿನಲ್ಲಿ ಕರೆದೊಯ್ಯಲು ಒಪ್ಪಿದ. ಆದರೆ ಹೊಸ ವರ್ಷಕ್ಕೆ ಅವನಿಗೆ ಒಹಾಯೋಗೆ ವರ್ಗವಾಗಿತ್ತು. ಅಷ್ಟರಲ್ಲಿ ಶಶಿಕಲಾ ಕಾರು ಓಡಿಸಲು ಕಲಿತು ಲೈಸೆನ್ಸ್ ಪಡೆಯದಿದ್ದರೆ ಬಸವರಾಜನ ಕೆಲಸ ಹೋಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ. ಊರಿಗೆ ಮರಳಿದರೆ ಈ ಕಾಯಿಲೆಯ ಸುದ್ದಿಯೂ ಜೊತೆಗೇ ಬರುತ್ತದೆ ಎಂಬ ಹೆದರಿಕೆ ಬೇರೆ.

ನವೆಂಬರಿನಲ್ಲಿ ಅವಳು ನನ್ನ ಕಾರು ಹತ್ತಿದಳು. ತುರ್ತಿಗೆ ಯಾರನ್ನು ಕರೆಯಬೇಕು, ಗಂಡನ ಹೆಸರೇನು ಎಂದು ಕೇಳಿದೆ. ನಾಚಿಕೊಂಡು ಫೋನ್ ತೋರಿಸಿದಳು. ಅದರಲ್ಲಿ ‘ಮನಿಯವರು’ ಎಂದಿತ್ತು.

“ಹೆಸರು ಹೇಳಮ್ಮ ತಾಯಿ.”

“ನಮ್ಮಲ್ಲಿ ಹೇಳೂದಿಲ್ರಿ ಆಂಟಿ. ಅವ್ವ, ಅಜ್ಜಿ ಯಾರೂ ಹೇಳಿಲ್ಲ. ಸೈನ್ಸ್ ಟೀಚರ್ ಆಗಿ ಹಿಂಗ ಅಂತೀಯಲ್ಲ ಅಂತ ನೀವು ನಗ್ತೀರಿ, ಗೊತ್ತೈತಿ. ಬಾಯಿಗೆ ಬರೂದ ಇಲ್ರಿ.”

ಅವಳ ದನಿ ಬಹಳ ಸಣ್ಣದು. ನನ್ನದೊಂದು ಪದ್ಧತಿಯಿತ್ತು: ಓಡಿಸುವಾಗ ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ‘ಮುಂದೆ ಕೆಂಪು ದೀಪ, ಬಲಗಡೆ ಸೈಕಲ್, ಹಿಂದೆ ಲಾರಿ’ ಅಂತ. ಶಶಿಕಲಾ ಅದನ್ನೂ ಪಿಸುಗುಟ್ಟುತ್ತಿದ್ದಳು. ಬಸವರಾಜ ಹಿಂದಿನ ಸೀಟಿನಲ್ಲಿ ಕೂತ ದಿನ ಅದೂ ನಿಲ್ಲುತ್ತಿತ್ತು. ಅವನು ಕೆಟ್ಟವನಲ್ಲ. ಕಣ್ಣೆದುರೇ ತನ್ನ ಬದುಕು ಹೆಂಡತಿಯ ಕಾಲಿನ ಕೆಳಗಿನ ಪೆಡಲಿಗೆ ಬಂದು ನಿಂತದ್ದನ್ನು ಸಹಿಸಲಾರದೆ ಚಡಪಡಿಸುತ್ತಿದ್ದ. “ಬ್ರೇಕ್ ಬ್ರೇಕ್ ಬ್ರೇಕ್! ಎಡಕ್ಕ ಹೋಗಬ್ಯಾಡ!” ಅಂತ ಹಿಂದಿನಿಂದ ಕೂಗುತ್ತಿದ್ದ. ಎರಡು ದಿನ ನೋಡಿ ಅವನನ್ನು ಮನೆಯಲ್ಲೇ ಬಿಟ್ಟೆ.

ಅವಳಿಗೆ ಫ್ರೀವೇ ಕಲಿಸಿದ ದಿನವನ್ನು ನೆನೆದರೆ ಈಗಲೂ ಬೆನ್ನು ಬೆವರುತ್ತದೆ. ಸೌತ್‌ಫೀಲ್ಡಿನಲ್ಲಿ ಆರುನೂರ ತೊಂಬತ್ತಾರು ನಂಬರಿನ ಫ್ರೀವೇಗೆ ಇಳಿದು ಸೇರುವ ರ‍್ಯಾಂಪಿನ ತುದಿಯವರೆಗೆ ಬಂದವಳು ಗಕ್ಕನೆ ನಿಲ್ಲಿಸಿಬಿಟ್ಟಳು. ಎಡಕ್ಕೆ ಗೋಡೆಯಂತೆ ಸಾಗುತ್ತಿದ್ದ ವಾಹನಗಳ ಸಾಲು. ಹಿಂದೆ ಕಬ್ಬಿಣದ ಸುರುಳಿ ಹೊತ್ತ ಲಾರಿ ಹಾರ್ನ್ ಒತ್ತಿ ಹಿಡಿದುಕೊಂಡೇ ಇಳಿದು ಬರುತ್ತಿತ್ತು. ಅತ್ತ ದರಿ, ಇತ್ತ ಪುಲಿ.

“ಅವರೆಲ್ಲ ಮೊದಲ ಹೋಗ್ಲಿ ಬಿಡ್ರಿ ಆಂಟಿ…”

ಪಕ್ಕದ ಬ್ರೇಕಿಗೆ ನಿಲ್ಲಿಸುವುದು ಮಾತ್ರ ಗೊತ್ತು. ಓಡಿಸುವ ಪೆಡಲ್ ನನ್ನ ಕಡೆ ಇಲ್ಲ. ನಾನು ಬ್ರೇಕಿನ ಮೇಲಿಂದ ಕಾಲು ತೆಗೆದೆ. ಉಳಿದದ್ದು ಬಾಯಿ ಒಂದೇ.

“ಶಶಿ, ಇಲ್ಲಿ ಯಾರೂ ದಾರಿ ಬಿಡಲ್ಲ, ನೀನೇ ತಗೋಬೇಕು. ಆ ಬಿಳಿ ಕಾರಿನ ಹಿಂದೆ ಜಾಗ ಇದೆ. ಒತ್ತು. ಇನ್ನೂ ಒತ್ತು. ಇನ್ನೂ!”

ಎಂಜಿನ್ನು ಅರಚಿತು. ಕಾರು ಜಿಗಿದು ಸಾಲಿಗೆ ಸೇರಿಕೊಂಡಿತು. ಲಾರಿ ನಮ್ಮ ಪಕ್ಕದಿಂದ ಬೈಯುತ್ತಾ ಹಾದುಹೋಯಿತು. ಮುಂದಿನ ಎಕ್ಸಿಟ್‌ವರೆಗೆ ಅದೇ ಸಾಲಿನಲ್ಲಿ ಹೋದೆವು. ಇಳಿದು ಒಂದು ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿದಾಗ ಅವಳು ಅತ್ತಳು. ನಾನೂ ಸ್ವಲ್ಪ ಅತ್ತೆ ಎಂದರೆ ಈಗ ಯಾರೂ ನಂಬುವುದಿಲ್ಲ.

ಮೊದಲ ಪರೀಕ್ಷೆಯಲ್ಲಿ ಫೇಲಾದಳು. ಕಾರಣ ಕೇಳಿ. ನಾಲ್ಕೂ ಕಡೆ ಸ್ಟಾಪ್ ಫಲಕವಿರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇವಳು ಮೊದಲು ಬಂದೂ, ಆಮೇಲೆ ಬಂದವರಿಗೆಲ್ಲ ಕೈಬೀಸಿ ‘ನೀವು ಹೋಗಿ’ ಎಂದಳು. ಒಬ್ಬರಾದ ಮೇಲೆ ಒಬ್ಬರು. ಪರೀಕ್ಷಕ ಕಾದು ಕಾದು ಸಾಕಾಗಿ ಕಾರು ವಾಪಸ್ ತಿರುಗಿಸಲು ಹೇಳಿದನಂತೆ.

“ಅವರಿಗೆ ಅವಸರ ಇರ್ತೈತ್ರಿ” ಎಂದಳು ನನ್ನ ಮುಖ ನೋಡದೆ.

ನನಗೆ ಸಿಟ್ಟು ನೆತ್ತಿಗೇರಿತು. “ನಿನಗಿಲ್ವಾ ಅವಸರ? ಮನೇಲಿ ಗಂಡ ಕ್ಯಾಲೆಂಡರ್ ನೋಡ್ತಾ ಕೂತಿದಾನೆ. ನಿನ್ನ ಸರದಿ ಬಂದಾಗ ನೀನು ಹೋಗದೇ ಇದ್ರೆ ಅದು ವಿನಯ ಅಲ್ಲ ಶಶಿ, ಎಲ್ಲರಿಗೂ ಅಪಾಯ” ಎಂದು ಗದರಿಸಿದೆ. ಅವಳು ತಲೆಯಾಡಿಸಿದಳು. ಡಿಸೆಂಬರ್ ಮುಗಿಯುವುದರೊಳಗೆ ಇನ್ನೊಂದು ಪರೀಕ್ಷೆಗೆ ಜಾಗ ಸಿಕ್ಕಿದ್ದೇ ಹೆಚ್ಚು.

ಆ ನಡುವೆ ಪೊಲೀಸ್ ಪಾಠವನ್ನೂ ಮಾಡಿದೆ. ಹಿಂದೆ ಕೆಂಪು-ನೀಲಿ ದೀಪ ಹತ್ತಿದರೆ ಬಲಕ್ಕೆ ತೆಗೆದು ನಿಲ್ಲಿಸು. ಕಿಟಕಿ ಇಳಿಸು. ಎರಡೂ ಕೈ ಸ್ಟೀರಿಂಗಿನ ಮೇಲಿರಲಿ. ಚೀಲಕ್ಕೆ, ಜೇಬಿಗೆ ಕೈ ಹಾಕಬೇಡ. ಏನೇ ಆಗಲಿ, ಇಳಿಯಬೇಡ. ಇಲ್ಲಿನ ಪೊಲೀಸರು ಮೊದಲು ನೋಡುವುದು ಮುಖವನ್ನಲ್ಲ, ಕೈಗಳನ್ನು. ಎಷ್ಟೋ ಸಲ ಪಾರ್ಕಿಂಗ್ ಲಾಟಿನಲ್ಲಿ ನಾನೇ ಪೊಲೀಸಾಗಿ ನಡೆದು ಬಂದು ಅಭ್ಯಾಸ ಮಾಡಿಸಿದೆ. ಅವಳನ್ನು ಕರೆದೊಯ್ಯಲು ಹೋದಾಗ ಬಸವರಾಜನಿಗೂ ಬಾ ಎಂದಿದ್ದೆ.

“ನನಗೆಲ್ಲ ಗೊತ್ತೈತ್ರಿ ಆಂಟಿ. ಇಷ್ಟ್ ವರ್ಷ ಗಾಡಿ ಹೊಡದೀನಿ, ಒಮ್ಮೆನೂ ಪೊಲೀಸ್ರು ನಿಲ್ಸಿಲ್ಲ” ಎಂದು ನಕ್ಕಿದ್ದ.

ಎರಡನೆಯ ಪರೀಕ್ಷೆಯಲ್ಲಿ ಶಶಿಕಲಾ ಪಾಸಾದಳು. ಹೊಸ ವರ್ಷದ ರಜೆ ಮುಗಿದ ಮೊದಲ ಬೆಳಿಗ್ಗೆ ಗಂಡನನ್ನು ಕೆಲಸಕ್ಕೆ ಬಿಡಬೇಕು. ಹಿಂದಿನ ದಿನ ಫೋನ್ ಮಾಡಿ, “ಒಂದ ದಿನ ನೀವೂ ಕೂಡ ಬರ್ರಿ ಆಂಟಿ. ಸುಮ್ನ ಹಿಂದ ಕುಂದರ್ರಿ, ಧೈರ್ಯ ಇರ್ತೈತಿ” ಎಂದಳು. ನೋವೈ ಎಕ್ಸಿಟ್ ಹತ್ತಿರ ನಮ್ಮ ಅಂಗಡಿಯ ಮುಂದೆ ಕಾದು ನಿಂತೆ. ರಾತ್ರಿ ಹಿಮ ಬಿದ್ದಿತ್ತು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಫ್ರೀವೇಗಳೆಲ್ಲ ಒಂದಕ್ಕೊಂದು ಹೆಣೆದುಕೊಳ್ಳುವ ಜಾಗವನ್ನು ದಾಟಿಕೊಂಡು ಅವರ ಬಿಳಿ ಕಾರು ಬಂದು ನಿಂತಾಗ ನನಗೆ ಮಗಳ ಮದುವೆಯಾದಷ್ಟು ಸಂತೋಷವಾಯಿತು. ಅಲ್ಲಿಯವರೆಗೆ ಅವಳೇ ತಂದಿದ್ದಳು. ಬಸವರಾಜ ಪಕ್ಕದ ಸೀಟಿನಲ್ಲಿ ಬಿಗಿಯಾಗಿ ಕೂತಿದ್ದ. ನಾನು ಹಿಂದೆ ಕೂತೆ.

ವಿಕ್ಸಮ್ ಎಕ್ಸಿಟ್ ಇಳಿದು ಸ್ವಲ್ಪ ಮುಂದೆ ಹೋಗಿದ್ದೆವು. ಬೆಳಕು ಇನ್ನೂ ಬೂದು ಬಣ್ಣದಲ್ಲಿತ್ತು. ಇದ್ದಕ್ಕಿದ್ದಂತೆ ಕಾರಿನ ಒಳಗೆಲ್ಲ ಕೆಂಪು, ನೀಲಿ, ಕೆಂಪು, ನೀಲಿ. ಹಿಂದೆ ಪೊಲೀಸ್ ಕಾರು.

“ಹಿಂದೆ ಪೊಲೀಸ್” ಎಂದು ಶಶಿಕಲಾ ಪಿಸುಗುಟ್ಟಿದಳು, ನಾನು ಕಲಿಸಿದಂತೆಯೇ. ಬಲಕ್ಕೆ ತೆಗೆದಳು. ನಿಲ್ಲಿಸಿದಳು. ಕಿಟಕಿ ಇಳಿಸಿದಳು. ಎರಡೂ ಕೈ ಸ್ಟೀರಿಂಗಿನ ಮೇಲೆ. ಭೇಷ್ ಎಂದುಕೊಂಡೆ.

ಅಷ್ಟರಲ್ಲಿ ‘ಚಕ್’ ಎಂದು ಸೀಟ್ ಬೆಲ್ಟ್ ಬಿಚ್ಚಿದ ಸದ್ದು. “ನೀವು ಕುಂದರ್ರಿ. ನಾ ಸಾಹೇಬ್ರ ಕೂಡ ಮಾತಾಡಿ ಬರ್ತೀನಿ” ಎನ್ನುತ್ತಾ ಬಸವರಾಜ ಬಾಗಿಲು ತೆರೆದ. ಒಂದು ಕಾಲು ಹೊರಗೆ ಹಿಮದ ಮೇಲಿಟ್ಟ. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಒಳಜೇಬಿನಲ್ಲಿದ್ದ ಕಾಗದಪತ್ರ ತೆಗೆಯಲು ಬಲಗೈಯನ್ನು ಜಾಕೆಟ್ಟಿನೊಳಗೆ ಹಾಕಿದ.

ಹಿಂದಿನಿಂದ ಧ್ವನಿವರ್ಧಕ ಗರ್ಜಿಸಿತು. “ಸ್ಟೇ ಇನ್ ದ ಕಾರ್! ಲೆಟ್ ಮಿ ಸೀ ಯುವರ್ ಹ್ಯಾಂಡ್ಸ್!”

ಬಸವರಾಜನಿಗೆ ಇಂಗ್ಲಿಷ್ ಬಾರದೆಂದಲ್ಲ. ಆ ಗಳಿಗೆಯಲ್ಲಿ ಅವನ ಕಿವಿಗೆ ಅದು ಇಳಿಯಲೇ ಇಲ್ಲ. ನಾನು ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಪೊಲೀಸನು ತನ್ನ ಕಾರಿನ ತೆರೆದ ಬಾಗಿಲ ಹಿಂದೆ ನಿಂತಿದ್ದ. ಚಿಕ್ಕ ವಯಸ್ಸಿನವನು. ಕೈ ಸೊಂಟಕ್ಕೆ ಹೋಗಿತ್ತು. ಒಂದು ಜೀವಮಾನ ‘ನಿಲ್ಲಿಸಿ’ ಎಂದು ಕೂಗಿದವಳಿಗೆ ಆ ಹೊತ್ತಿನಲ್ಲಿ ದನಿಯೇ ಹೊರಡಲಿಲ್ಲ. ನನ್ನ ಬಲಗಾಲು ಮಾತ್ರ, ಆ ಕಾರಿನಲ್ಲಿ ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ನೆಲವನ್ನು ಒತ್ತುತ್ತಿತ್ತು.

ಶಶಿಕಲಾ ಕೈ ಚಾಚಿದರೆ ಗಂಡನ ಅಂಗಿ ಸಿಗುತ್ತಿತ್ತು. ಚಾಚಲಿಲ್ಲ. ಕೈ ಸ್ಟೀರಿಂಗ್ ಬಿಡಬಾರದೆಂದು ಕಲಿಸಿದ್ದೆನಲ್ಲ. ಬೆರಳುಗಳು ಬೆಳ್ಳಗಾಗುವಂತೆ ಅದನ್ನೇ ಹಿಡಿದುಕೊಂಡು, ಮುಖವನ್ನೂ ತಿರುಗಿಸದೆ, ಗಾಜು ನಡುಗುವಂತೆ ಕೂಗಿದಳು.

“ಬಸವರಾಜಾ! ಕೈ ಹೊರಗ ತಗಿ! ಕಾಲ ಒಳಗ ಇಡು!”

ಬಸವರಾಜ ಕಲ್ಲಾದ. ಅಪ್ಪ ಅಮ್ಮ ಕರೆದ ಹೆಸರು, ಗೆಳೆಯರು ಕರೆದ ಹೆಸರು, ಮದುವೆಯಾದಂದಿನಿಂದ ಆ ಬಾಯಲ್ಲಿ ಒಮ್ಮೆಯೂ ಬಾರದಿದ್ದ ಹೆಸರು. ಧ್ವನಿವರ್ಧಕಕ್ಕೆ ಬಗ್ಗದವನು ಅದಕ್ಕೆ ಬಗ್ಗಿದ. ಕೈ ಖಾಲಿಯಾಗಿ ಹೊರಬಂತು. ಕಾಲು ಒಳಗೆ ಬಂತು.

“ಕೈ ಎರಡೂ ಮುಂದ ಡ್ಯಾಶ್‌ಬೋರ್ಡ್ ಮ್ಯಾಲ ಇಡು. ಅಳ್ಳಾಡಬ್ಯಾಡ.”

ಇಟ್ಟ.

ಪೊಲೀಸನು ದೂರದಿಂದ ಸುತ್ತು ಹಾಕಿ, ನಿಧಾನವಾಗಿ ಒಂದೊಂದೇ ಹೆಜ್ಜೆಯಿಟ್ಟು ಕಿಟಕಿಯ ಬಳಿ ಬಂದ. ಶಶಿಕಲಾ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಪಾಠ ಹೇಳುವವಳಂತೆ, ಲೈಸೆನ್ಸ್ ಚೀಲದಲ್ಲಿದೆ, ತೆಗೆಯಲೇ ಎಂದು ಕೇಳಿದಳು. ಒಪ್ಪಿದ ಮೇಲೆ ತೆಗೆದುಕೊಟ್ಟಳು. ನಮ್ಮ ಅಪರಾಧ ಇಷ್ಟೇ: ರಸ್ತೆಯ ಹಿಮದ ಕೆಸರು ಎರಚಿ ಹಿಂದಿನ ದೀಪಗಳು ಮುಚ್ಚಿಹೋಗಿದ್ದವು. ಒರೆಸಿಕೊಂಡು ಹೋಗಿ ಎಂದ. ಲೈಸೆನ್ಸ್ ವಾಪಸ್ ಕೊಟ್ಟು, ಬಗ್ಗಿ ಬಸವರಾಜನನ್ನು ನೋಡಿ, “ಸರ್, ಡೋಂಟ್ ಎವರ್ ಡು ದಟ್ ಅಗೇನ್” ಎಂದ. ಗದರಿಸಿದ ಹಾಗಿರಲಿಲ್ಲ. ಬೇಡಿಕೊಂಡ ಹಾಗಿತ್ತು.

ಅವನು ಹೋದ ಮೇಲೆ ನಾನೇ ಇಳಿದು ದುಪಟ್ಟಾದಿಂದ ದೀಪ ಒರೆಸಿ ಬಂದೆ. ಸ್ವಲ್ಪ ದೂರ ಹೋದ ಮೇಲೆ ಬಸವರಾಜ ತಾನಾಗಿಯೇ ಮಾತಾಡಿದ.

“ನಮ್ಮಪ್ಪ ಟೆಂಪೋ ಹೊಡೀತಿದ್ದ, ಗದಗ-ಹುಬ್ಬಳ್ಳಿ. ಪೊಲೀಸ್ರು ಕೈ ಮಾಡಿದ್ರ, ಅವರು ನಮ್ಮ ಕಡೆ ನಡಕೊಂಡು ಬರೂದ್ರಾಗ ತಾನ ಇಳದು ಓಡಿ ಹೋಗ್ತಿದ್ದ. ಸಾಹೇಬ್ರನ್ನ ನಡಸಿಕೋಬಾರದು, ಅದು ಮರ್ಯಾದಿ ಅಂತಿದ್ದ. ಹೆಣ್ಮಕ್ಕಳನ್ನಂತೂ ಮಾತಾಡಾಕ ಬಿಡಬಾರದು ಅಂತಿದ್ದ.” ಜಾಕೆಟ್ಟಿನ ಜಿಪ್ ಮೇಲಕ್ಕೆಳೆದು, “ಇಷ್ಟ ದಿನ ನಿಲ್ಸಿರಲಿಲ್ಲ ನೋಡ್ರಿ. ಅದಕ್ಕ ಗೊತ್ತಾಗಲಿಲ್ಲ” ಎಂದ.

ನಾನು ಹಿಂದೆ ಕೂತು ಒಂದನ್ನು ತೀರ್ಮಾನಿಸಿಕೊಂಡೆ. ಇನ್ನು ಮುಂದೆ ನನ್ನ ಪಾಠ ಸ್ಟೀರಿಂಗಿನ ಹಿಂದೆ ಮುಗಿಯುವುದಿಲ್ಲ, ಪಕ್ಕದ ಸೀಟಿನವರು ಕಲಿತ ಮೇಲೆಯೇ ಮುಗಿಯುವುದು. ಹೀಗೆ ಶುರುವಾಯಿತು ನಿಮಗೆಲ್ಲ ನಗು ಬರಿಸಿದ ಆ ಪಾಠ.

ಕಾರ್ಖಾನೆಯ ಮುಂದಿನ ನಾಲ್ಕು ಸ್ಟಾಪುಗಳ ಕೂಡುರಸ್ತೆ ಬಂತು. ನಾವು ಮೊದಲು ಬಂದು ನಿಂತೆವು. ಬಲಗಡೆಯಿಂದ ಇನ್ನೊಂದು ಕಾರು ಬಂದು ನಿಂತಿತು. ಶಶಿಕಲಾ ಕೈಬೀಸಲಿಲ್ಲ. “ನನ್ನ ಸರದಿ” ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋದಳು. ಗೇಟಿನ ಒಳಗೆ ಜನ ಕಾರುಗಳಿಂದ ಇಳಿದು ಬಾಗಿಲ ಕಡೆ ನಡೆಯುತ್ತಿದ್ದರು. ಶಿಫ್ಟ್ ಶುರುವಾಗಲು ಇನ್ನೂ ಹೊತ್ತಿತ್ತು.

ಕಾರು ನಿಂತಿತು. ಬಸವರಾಜ ಇಳಿಯಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಹೆಂಡತಿಯ ಕಡೆ ನೋಡಿದ.

“ಈಗ ಇಳೀಲೇನು?”

ಶಶಿಕಲಾಳ ಕಣ್ಣು ತುಂಬಿತು. ಆದರೂ ಕೈ ಸ್ಟೀರಿಂಗಿನ ಮೇಲೆಯೇ ಇತ್ತು.

“ಇಳೀರಿ. ಸಂಜೀಕ ನಾ ಬರ್ತೀನಿ. ಇಲ್ಲೇ ನಿಂದರ್ರಿ.”

ಅವನು ಇಳಿದು ಹೋದ. ನಾನು ಹಿಂದಿನಿಂದ ಮುಂದಿನ ಸೀಟಿಗೆ ಬಂದೆ. ಬೆಲ್ಟ್ ಹಾಕಿಕೊಂಡು, ಬ್ರೇಕ್ ಹುಡುಕುವ ಬಲಗಾಲನ್ನು ಮಡಿಸಿ ಸೀಟಿಗೆ ಒತ್ತಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಸುಮ್ಮನೆ ಕೂತೆ.